ಹರಿಯುವ ನೀರಿಗೆ ಮೈಲಿಗೆ ಇಲ್ಲ

2025ರ ಸಂಕ್ರಾಂತಿಗೆ ನಮ್ಮ ಸೋದರತ್ತೆ ಶ್ರೀರಂಗಪಟ್ಟಣದಿಂದ ದೆಹಲಿಯ ಮಯೂರ್ ವಿಹಾರದ ನಮ್ಮ ಮನೆಗೆ ಬಂದಿದ್ದರು. ಎಂಬತ್ತೊಂದು ವರ್ಷ, ಎರಡೂ ಮೊಣಕಾಲಿಗೆ ನೋವು, ಆದರೂ ಬೆನ್ನು ನೆಟ್ಟಗೆ. ಬಂದವರೇ ಚೀಲದಿಂದ ಎಳ್ಳುಬೆಲ್ಲದ ಡಬ್ಬಿ ತೆಗೆದು ನನ್ನ ಕೈಗಿಟ್ಟರು. ಕಾಫಿ ಕುಡಿದು ಲೋಟ ಕೆಳಗಿಡುವ ಮೊದಲೇ ಕೇಳಿದರು: "ಹಬ್ಬದ ದಿನ ಯಮುನೇಲಿ ಒಂದು ಮುಳುಗು ಹಾಕಿಸ್ತೀಯೇನೇ? ಎಪ್ಪತ್ತು ವರ್ಷದಿಂದ ಬಾಯಲ್ಲಿ ಅವಳ ಹೆಸರು ಹೇಳ್ತಿದ್ದೀನಿ. ಮೈಗೆ ಒಂದು ಸಲವೂ ತಾಗಿಲ್ಲ."

ಅವರು ಹೇಳಿದ್ದು ಸ್ನಾನದ ಶ್ಲೋಕದ ಮಾತು. ತಂಬಿಗೆಯ ನೀರಿಗೆ ಏಳು ನದಿಗಳನ್ನು ಕರೆಯುವ ಶ್ಲೋಕ. ಅದರಲ್ಲಿ ಗಂಗೆ ಮೊದಲು, ಯಮುನೆ ಎರಡನೆಯವಳು, ನಮ್ಮ ಕಾವೇರಿ ಕಟ್ಟಕಡೆಗೆ. ನನಗೆ ಅದನ್ನು ಕಲಿಸಿದವರೂ ಅತ್ತೆಯೇ. ಕಾವೇರಿಯ ಮೆಟ್ಟಿಲ ಮೇಲೆ ಕೂರಿಸಿ, ಜಡೆ ಬಿಚ್ಚಿ, ತಲೆಗೆ ನೀರು ಹೊಯ್ಯುತ್ತಾ ಒಂದೊಂದೇ ಹೆಸರು ಹೇಳಿಕೊಟ್ಟಿದ್ದರು.

"ಬೇಡ ಅತ್ತೆ" ಎಂದೆ. ಇಂಥ ಹಿರಿಯರಿಗೆ, ಇಂಥ ಆಸೆಗೆ, ಹಬ್ಬದ ಹೊಸ್ತಿಲಲ್ಲಿ ಬೇಡ ಎನ್ನಲು ನಾಲಿಗೆ ಏಳುವುದಿಲ್ಲ. ಆದರೆ ನಾನು ಮೂವತ್ತು ವರ್ಷ ಆ ನೀರನ್ನು ಪರೀಕ್ಷೆ ಮಾಡಿದವಳು.

ಮೈಸೂರಿನಲ್ಲಿ ಕೆಮಿಸ್ಟ್ರಿ ಓದಿ, ಮದುವೆಯಾಗಿ ದೆಹಲಿಗೆ ಬಂದು, ನೀರಿನ ಲ್ಯಾಬೊಂದರಲ್ಲಿ ಕೆಲಸಕ್ಕೆ ಸೇರಿದ್ದೆ. ನದಿಯ ಉಸಿರು ಅಳೆಯುವ ಬಗೆಯನ್ನು ಇಲ್ಲಿ ಹೇಳಬೇಕು. ಏಕೆಂದರೆ ನನ್ನ ಧರ್ಮಸಂಕಟ ಹುಟ್ಟಿದ್ದೇ ಒಂದು ಬಾಟಲಿಯೊಳಗೆ. 300 ಮಿಲಿಲೀಟರಿನ ಗಾಜಿನ ಬಾಟಲಿ. ಅದರಲ್ಲಿ ಒಂದು ಗುಳ್ಳೆಯೂ ನಿಲ್ಲದಂತೆ ನದಿಯ ನೀರು ತುಂಬಬೇಕು. ಪಿಪೆಟ್ಟಿನ ತುದಿಯನ್ನು ನೀರಿನೊಳಕ್ಕೆ ಇಳಿಸಿ ಎರಡು ಮಿಲಿಲೀಟರ್ ಮ್ಯಾಂಗನೀಸ್ ಸಲ್ಫೇಟ್, ಆಮೇಲೆ ಎರಡು ಮಿಲಿಲೀಟರ್ ಕ್ಷಾರದ ದ್ರಾವಣ ಬಿಡಬೇಕು. ಗಾಜಿನ ಬಿರಡೆ ಹಾಕಿ ಬಾಟಲಿಯನ್ನು ನಾಲ್ಕಾರು ಸಲ ತಲೆಕೆಳಗು ಮಾಡಿದರೆ ಒಳಗೊಂದು ಮೋಡ ಏಳುತ್ತದೆ. ನೀರಿನಲ್ಲಿ ಆಮ್ಲಜನಕ ಇದ್ದರೆ ಆ ಮೋಡ ಕಂದು, ಒಳ್ಳೆಯ ಡಿಕಾಕ್ಷನ್ನಿನ ಬಣ್ಣ. ಇಲ್ಲದಿದ್ದರೆ ಬಿಳಿ. ಅಳೆಯುವ ಕೆಲಸವೇ ಉಳಿಯುವುದಿಲ್ಲ. ರಿಜಿಸ್ಟರಿನಲ್ಲಿ "ಇಲ್ಲ" ಎಂದು ಬರೆದರೆ ಮುಗಿಯಿತು.

ನದಿ ಹರಿಯಾಣದಿಂದ ದೆಹಲಿಗೆ ಕಾಲಿಡುವ ಪಲ್ಲಾ ಊರಿನ ಹತ್ತಿರ ತುಂಬಿದ ಬಾಟಲಿ ಗಾಢ ಕಂದಾಗುತ್ತಿತ್ತು. ಅಲ್ಲಿಂದ ಕೆಳಗೆ ವಜೀರಾಬಾದ್ ಬ್ಯಾರೇಜಿನಲ್ಲಿ ನಗರ ತನ್ನ ಕುಡಿಯುವ ನೀರು ಎತ್ತಿಕೊಳ್ಳುತ್ತದೆ. ಬ್ಯಾರೇಜು ದಾಟುತ್ತಿದ್ದಂತೆ ನಜಫ್‌ಗಢ ನಾಲೆ ಬಂದು ಬೀಳುತ್ತದೆ. ನಿಜಾಮುದ್ದೀನ್ ಸೇತುವೆಯ ಕೆಳಗೆ ತುಂಬಿದ ಬಾಟಲಿ, ಮಳೆಗಾಲ ಬಿಟ್ಟರೆ, ಬಿಳಿ. ತಿಂಗಳು ತಿಂಗಳು ಬಿಳಿ. ಸ್ನಾನಕ್ಕೆ ಯೋಗ್ಯವಾದ ನೀರಿನಲ್ಲಿ ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಆಮ್ಲಜನಕ ಇರಬೇಕೆಂಬುದು ನಮ್ಮ ದೇಶದ ಮಾನದಂಡ. ಯಮುನೆಯ ಒಟ್ಟು ಉದ್ದ 1376 ಕಿಲೋಮೀಟರ್. ವಜೀರಾಬಾದಿನಿಂದ ಓಖ್ಲಾವರೆಗಿನ 22 ಕಿಲೋಮೀಟರ್ ಅದರಲ್ಲಿ ನೂರಕ್ಕೆ ಎರಡು ಪಾಲೂ ಇಲ್ಲ. ಅಷ್ಟರಲ್ಲಿ ಅವಳ ಉಸಿರು ನಿಲ್ಲುತ್ತದೆ.

ಬೆಳಿಗ್ಗೆ ಆರಕ್ಕೆ ಸ್ನಾನದ ಮನೆಯಲ್ಲಿ ಯಮುನೆಯನ್ನು ಕರೆದು ತಲೆಗೆ ನೀರು ಹೊಯ್ದುಕೊಳ್ಳುತ್ತಿದ್ದೆ. ಹನ್ನೊಂದಕ್ಕೆ ಅದೇ ಯಮುನೆಯ ಹೆಸರಿನ ಮುಂದೆ "ಇಲ್ಲ" ಎಂದು ಬರೆಯುತ್ತಿದ್ದೆ. ಒಂದೇ ಕೈ, ಒಂದೇ ದಿನ.

ಇದನ್ನೆಲ್ಲ ಅತ್ತೆಗೆ ಹೇಳಿದೆ. ಅವರು ಪೂರ್ತಿ ಕೇಳಿದರು. ಆಮೇಲೆ ನನ್ನ ಬಾಲ್ಯದುದ್ದಕ್ಕೂ ಕೇಳಿದ ಮಾತನ್ನೇ ಮತ್ತೆ ಹೇಳಿದರು: "ಹರಿಯೋ ನೀರಿಗೆ ಮೈಲಿಗೆ ಇಲ್ಲ ಕಣೇ."

ಟೀವಿಯಲ್ಲಿ ಪ್ರಯಾಗದ ಮಹಾಕುಂಭ ತೋರಿಸುತ್ತಿದ್ದರು. ಕತ್ತಲಲ್ಲೇ ಜನ ಸಾಲುಸಾಲಾಗಿ ನೀರಿಗಿಳಿಯುತ್ತಿದ್ದರು. ಅತ್ತೆ ಅತ್ತ ಕೈ ತೋರಿಸಿದರು. "ಅದೂ ಇದೇ ಯಮುನೆ ತಾನೇ? ಅಲ್ಲಿ ಮುಳುಗಿದರೆ ಪುಣ್ಯ, ಇಲ್ಲಿ ಮುಳುಗಿದರೆ ರೋಗವೇ?"

ಪ್ರಶ್ನೆ ನೇರವಾಗಿತ್ತು. ಉತ್ತರವೂ ಇದೆ: ದೆಹಲಿಯಿಂದ ಹೊರಟ ಯಮುನೆಯನ್ನು ಇಟಾವಾ ಬಳಿ ಚಂಬಲ್ ಬಂದು ಕೈಹಿಡಿಯುತ್ತಾಳೆ. ಆಮೇಲೆ ಬೇತ್ವಾ, ಕೇನ್ ಸೇರುತ್ತಾರೆ. ಪ್ರಯಾಗಕ್ಕೆ ಮುಟ್ಟುವ ಯಮುನೆಯಲ್ಲಿ ವಿಂಧ್ಯದ ನೀರೇ ಹೆಚ್ಚು. ಹೆಸರು ಒಂದೇ, ನೀರು ಬೇರೆ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ತವರಿಂದ ಬಂದವರು ಕೈಹಿಡಿದ ಹಾಗಾಯ್ತು" ಎಂದರು. ಮುಳುಗಿನ ಮಾತು ಆಗ ಅಲ್ಲಿಗೆ ನಿಂತಿತು.

ಮುಳುಗದಿದ್ದರೆ ಹೋಗಲಿ, ನೋಡಿಸೋಣ ಎಂದುಕೊಂಡೆ. ಈಚಿನ ವರ್ಷಗಳಲ್ಲಿ ದೆಹಲಿ ತನ್ನ ನದಿಯ ದಂಡೆಗೆ ಮರಳಿ ಬರಲು ತೊಡಗಿದೆ. ದಂಡೆಯುದ್ದಕ್ಕೂ ಹೊಸ ಉದ್ಯಾನಗಳು ಎದ್ದಿವೆ: ಸರಾಯ್ ಕಾಲೇ ಖಾನ್ ಬಳಿ ಬಿದಿರಿನ ತೋಟ ಬಾಂಸೇರಾ, ಐಟಿಒ ಸೇತುವೆಯಾಚೆ ಪೂರ್ವದಂಡೆಯಲ್ಲಿ ಅಸಿತಾ, ಕಾಶ್ಮೀರಿ ಗೇಟಿನ ಹಿಂದೆ ವಾಸುದೇವ ಘಾಟ್. ಅಸಿತಾ ಎಂದರೆ ಕಪ್ಪಗಿರುವವಳು. ಯಮುನೆಯದೇ ಇನ್ನೊಂದು ಹೆಸರು. ಇವುಗಳನ್ನು ಹಗುರಾಗಿ ಮಾತಾಡಲು ನನಗೆ ಮನಸ್ಸಿಲ್ಲ. ನಾನು ಸ್ಯಾಂಪಲ್ ತರಲು ಓಡಾಡುತ್ತಿದ್ದ ಕಾಲದಲ್ಲಿ ದಂಡೆಯೆಂದರೆ ಒಡೆದ ಕಟ್ಟಡಗಳ ಮಲಬಾ ಸುರಿಯುವ ಜಾಗ. ಈಗ ಅಲ್ಲಿ ಮಕ್ಕಳು ಓಡುತ್ತವೆ, ಹುಲ್ಲಿನ ಮೇಲೆ ಡಬ್ಬಿ ಬಿಚ್ಚಿಕೊಂಡು ಊಟ ಮಾಡುವ ಸಂಸಾರಗಳಿವೆ.

ಬಾಂಸೇರಾಕ್ಕೆ ಮಧ್ಯಾಹ್ನ ಹೋದೆವು. ಬಿದಿರು ನೋಡಿ ಅತ್ತೆಯ ಮುಖ ಅರಳಿತು. ಒಂದು ಗಳುವನ್ನು ಬೆರಳ ಗೆಣ್ಣಿನಿಂದ ಬಡಿದು, ಸದ್ದು ಕೇಳಿ, "ಮೊರ ಹೆಣೆಯಕ್ಕೆ ಇನ್ನೂ ಎಳಸು" ಎಂದರು. ಬಾಗಿನ ಕೊಡುವುದು ಬಿದಿರಿನ ಮೊರದಲ್ಲಿ. ಅವರ ತಲೆಯಲ್ಲಿ ಬಿದಿರೆಂದರೆ ಕಾವೇರಿಗೆ ಬಿಡುವ ಬಾಗಿನವೇ. ಕತ್ತಲಾದ ಮೇಲೆ ಕಾರಂಜಿ ಶುರುವಾಯಿತು. ಹಾಡು, ಬಣ್ಣಬಣ್ಣದ ದೀಪ, ದೀಪದಲ್ಲಿ ಎದ್ದು ಬಾಗುವ ನೀರು. ಜನರೆಲ್ಲ ಮೊಬೈಲ್ ಎತ್ತಿ ಹಿಡಿದಿದ್ದರು. ಅತ್ತೆಯೂ ನೋಡಿದರು, ಮಗುವಿನ ಹಾಗೆ ಸಂತೋಷಪಟ್ಟರು. ಆಮೇಲೆ ನನ್ನ ತೋಳು ಹಿಡಿದು ಮೆಲ್ಲಗೆ ಕೇಳಿದರು: "ನದಿ ಯಾವ ಕಡೆಗಿದೆಯೇ?"

ನಾವು ಕುಳಿತಿದ್ದ ಜಾಗದಿಂದ ನದಿ ಕಾಣುತ್ತಿರಲಿಲ್ಲ. ಬೆನ್ನ ಹಿಂದಿನ ಕತ್ತಲ ಕಡೆ ಕೈ ತೋರಿಸಿದೆ. ಅತ್ತೆ ಕಾರಂಜಿಯಿಂದ ಆ ಕಡೆಗೆ ತಿರುಗಿ ಕುಳಿತರು.

ನದಿಯ ದಂಡೆಯಲ್ಲಿ ಖುಷಿಪಡುವುದು ತಪ್ಪೆಂದು ನಾನು ಒಪ್ಪುವುದಿಲ್ಲ. ವಿಹಾರ ಬೇರೆ, ತೀರ್ಥ ಬೇರೆ, ಒಂದು ಕೀಳು ಇನ್ನೊಂದು ಮೇಲು ಎನ್ನುವವರಿಗೆ ಮಹಾಭಾರತದ ಆದಿಪರ್ವವೇ ಉತ್ತರ ಕೊಡುತ್ತದೆ. ಬೇಸಗೆಯ ಸೆಕೆ ತಾಳಲಾರದೆ ಕೃಷ್ಣಾರ್ಜುನರು ಗೆಳೆಯರನ್ನೂ ಹೆಂಗಸರನ್ನೂ ಕಟ್ಟಿಕೊಂಡು ಜಲಕ್ರೀಡೆಗೆ ಬಂದದ್ದು ಇದೇ ಯಮುನೆಯ ದಂಡೆಗೆ. ಇಂದ್ರಪ್ರಸ್ಥ ಇದ್ದದ್ದು ಪುರಾನಾ ಕಿಲಾದ ಜಾಗದಲ್ಲಿ ಎಂಬ ನಂಬಿಕೆ ಹಿಡಿದರೆ, ಬಾಂಸೇರಾದಿಂದ ಕಣ್ಣಳತೆಯ ದೂರ. ಆದರೆ ವ್ಯಾಸರು ಕಥೆಯನ್ನು ಅಲ್ಲಿಗೆ ಬಿಡಲಿಲ್ಲ. ಅದೇ ವಿಹಾರದ ಹೊತ್ತಿನಲ್ಲಿ ಅಗ್ನಿ ಬ್ರಾಹ್ಮಣನ ವೇಷದಲ್ಲಿ ಬಂದು ಖಾಂಡವವನವನ್ನು ಕೇಳಿದ. ಕಾಡು ಉರಿಯಿತು, ಹಕ್ಕಿ ಹಾವು ಮೃಗಗಳು ಉರಿದವು. ಬದುಕುಳಿದ ಮಯ ಮುಂದೆ ಕಟ್ಟಿಕೊಟ್ಟ ಸಭೆಯಲ್ಲಿ ನೆಲ ನೀರಿನಂತೆ ಕಂಡಿತು, ನೀರು ನೆಲದಂತೆ. ಅಂದು ರಾತ್ರಿ ಹಾಸಿಗೆಯಲ್ಲಿ ಆ ಸಭೆಯನ್ನೂ ಆ ಕಾರಂಜಿಯನ್ನೂ ಒಟ್ಟಿಗೆ ನೆನೆದು ನನಗೆ ನಿದ್ದೆ ಬರಲಿಲ್ಲ.

ಮರುದಿನ ನದಿ ನೋಡಲು ಮೆಟ್ರೋದಲ್ಲಿ ಹೊರಟೆವು. ಯಮುನಾ ಬ್ಯಾಂಕ್ ನಿಲ್ದಾಣ ದಾಟಿದ ಮೇಲೆ ರೈಲು ಸೇತುವೆಯ ಮೇಲೆ ಸಾಗುವಾಗ ಅತ್ತೆಯನ್ನು ಕಿಟಕಿಯ ಪಕ್ಕ ನಿಲ್ಲಿಸಿದೆ. ಚಳಿಗಾಲದಲ್ಲಿ ನೀರು ಇಳಿದು ನದಿಯ ನಡುವೆ ಮರಳಿನ, ಹುಲ್ಲಿನ ತಿಟ್ಟುಗಳು ಏಳುತ್ತವೆ. ಅತ್ತೆ ಬೆಳೆದದ್ದೂ ತಿಟ್ಟಿನ ಮೇಲೆಯೇ. ಶ್ರೀರಂಗಪಟ್ಟಣ ಕಾವೇರಿಯ ನಡುಗಡ್ಡೆ, ರಂಗನಾಥಸ್ವಾಮಿ ಮಲಗಿರುವುದೇ ಎರಡು ಕವಲಿನ ನಡುವೆ. ಕೆಳಗೆ ಶಿವನಸಮುದ್ರ, ಇನ್ನೂ ಕೆಳಗೆ ತಮಿಳುನಾಡಿನ ಶ್ರೀರಂಗ: ಮೂರು ರಂಗನಾಥರೂ ನಡುಗಡ್ಡೆಯವರು. ಹೊಳೆಯ ನಡುವೆ ಒಂದಿಷ್ಟು ನೆಲ ಕಂಡರೆ ನಮ್ಮವರಿಗೆ ಅಲ್ಲಿ ದೇವರು ಇದ್ದೇ ಇರಬೇಕು ಅನ್ನಿಸುತ್ತದೆ.

"ದ್ವೈಪಾಯನರು ಹುಟ್ಟಿದ್ದು ಇಂಥದ್ದೇ ತಿಟ್ಟಿನಲ್ಲಿ" ಅಂದರು ಅತ್ತೆ. ವ್ಯಾಸರಿಗೆ ಆ ಹೆಸರು ಬಂದದ್ದೇ ದ್ವೀಪದಲ್ಲಿ ಹುಟ್ಟಿದ್ದಕ್ಕೆ, ಯಮುನೆಯ ದ್ವೀಪದಲ್ಲಿ. ತಾಯಿ ಸತ್ಯವತಿ ದೋಣಿ ಹಾಯಿಸುವ ಬೆಸ್ತರ ಹುಡುಗಿ. ಮೈಯೆಲ್ಲ ಮೀನಿನ ವಾಸನೆಯೆಂದು ಅವಳಿಗೆ ಮತ್ಸ್ಯಗಂಧಿಯೆಂದೇ ಹೆಸರು. ಗದುಗಿನ ನಾರಣಪ್ಪ ತನ್ನನ್ನು ಕುಮಾರವ್ಯಾಸ ಎಂದು ಕರೆದುಕೊಂಡದ್ದು ಈ ದೋಣಿಯ ಹುಡುಗಿಯ ಮಗನ ಮಗನಾಗಿ. ಕನ್ನಡದಲ್ಲಿ ಭಾರತ ಓದಿದ ನಾವೆಲ್ಲ ಒಂದು ಲೆಕ್ಕಕ್ಕೆ ಈ ನದಿಯ ಒಂದು ತಿಟ್ಟಿನ ಸಂತಾನ. ಕಿಟಕಿಯಾಚೆ ಕಪ್ಪು ನೀರು ಹಿಂದಕ್ಕೆ ಸರಿಯುತ್ತಿತ್ತು. ಬಿಳಿ ಮೋಡ ಏಳುವ ನೀರಿನಲ್ಲಿ ಮೀನು ಬದುಕುವುದಿಲ್ಲ. ಇಂದು ಇಲ್ಲಿ ಹುಟ್ಟುವ ಹುಡುಗಿಗೆ ಆ ಹೆಸರು ಬರಲಾರದು ಎಂದು ಬಾಯಿತನಕ ಬಂತು, ಹೇಳಲಿಲ್ಲ.

ನನ್ನ ಜೊತೆ ಕೆಲಸ ಮಾಡುತ್ತಿದ್ದ ಮಥುರೆಯ ಕಡೆಯ ಹಿರಿಯರೊಬ್ಬರಿದ್ದರು. ಸ್ಯಾಂಪಲ್ ತುಂಬುವ ಮೊದಲು ಚೂರು ನೀರು ತಲೆಗೆ ಪ್ರೋಕ್ಷಿಸಿಕೊಳ್ಳುವರು. ಬಾಟಲಿ ಬಿಳಿಯಾದಾಗ "ಅಮ್ಮ ಮಲಗಿದ್ದಾಳೆ" ಎನ್ನುವರು. ವಲ್ಲಭಾಚಾರ್ಯರ ಪರಂಪರೆಯವರು ನದಿಗೆ ಮೂರು ರೂಪ ಹೇಳುತ್ತಾರೆಂದು ನನಗೆ ತಿಳಿಸಿಕೊಟ್ಟವರು ಅವರೇ. ಕಣ್ಣಿಗೆ ಕಾಣುವ ನೀರು ಆಧಿಭೌತಿಕ. ಪಾಪ ಕಳೆಯುವ ತೀರ್ಥಶಕ್ತಿ ಆಧ್ಯಾತ್ಮಿಕ. ದೇವಿಯಾಗಿ ಒಲಿಯುವವಳು ಆಧಿದೈವಿಕ. ಕೊಳೆ ಮುಟ್ಟುವುದು ಮೊದಲನೆಯದಕ್ಕೆ ಮಾತ್ರ, ದೇವಿಗೆ ಏನೂ ತಾಗದು. ಕೆಲವು ವರ್ಷ ಈ ಮಾತು ನನಗೆ ದೊಡ್ಡ ಸಮಾಧಾನ ಕೊಟ್ಟಿತು. ಬೆಳಗಿನ ಶ್ಲೋಕ ದೇವಿಗೆ, ಹನ್ನೊಂದು ಗಂಟೆಯ ರಿಜಿಸ್ಟರು ನೀರಿಗೆ ಎಂದು ಎರಡನ್ನೂ ಬೇರೆಬೇರೆ ಇಟ್ಟುಕೊಂಡೆ.

ಆ ಸಮಾಧಾನವನ್ನು ಕೈಬಿಟ್ಟದ್ದು ಕಾಳಿಯನ ಕಥೆಯಿಂದ. ಕಾಳಿಯಮರ್ದನವನ್ನು ಚಿಕ್ಕಂದಿನಿಂದ ಗುಡಿಯ ಗೋಡೆಗಳ ಮೇಲೆ ನೋಡಿದ್ದೇ ನೋಡಿದ್ದು, ಕುಣಿಯುವ ಕೃಷ್ಣನ ಪಾದವನ್ನು ಬಿಟ್ಟು ಬೇರೇನೂ ಕಂಡಿರಲಿಲ್ಲ. ಭಾಗವತದ ಆ ಭಾಗವನ್ನು ನಿಧಾನವಾಗಿ ಓದಿದಾಗ ಕಂಡದ್ದು ಬಾಯಾರಿ ಬಂದ ಹಸುಗಳು. ವಿಷ ಬೆರೆತ ಯಮುನೆಯ ನೀರು ಕುಡಿದು ಹಸುಗಳೂ ಗೋಪಾಲಕರೂ ದಂಡೆಯಲ್ಲೇ ಉರುಳಿದರು. ಅದು ಸಾಕ್ಷಾತ್ ಯಮುನೆ, ದಂಡೆಯಲ್ಲಿ ಸಾಕ್ಷಾತ್ ಕೃಷ್ಣ. ಆದರೂ ನೀರಿನ ಪಾವಿತ್ರ್ಯ ಒಂದು ಕರುವನ್ನೂ ಉಳಿಸಲಿಲ್ಲ. ಪವಿತ್ರವಾದದ್ದು ಕೆಡುವುದೇ ಇಲ್ಲ ಎಂಬುದು ಭಾಗವತದ ಮಾತಲ್ಲ, ನಮ್ಮ ಮಾತು. ಕೃಷ್ಣ ಅವರನ್ನು ಎಬ್ಬಿಸಿದ ಮೇಲೆ ಕದಂಬದ ಮರ ಹತ್ತಿ ಮಡುವಿಗೆ ಹಾರಿದ. ವಿಷದ ಮೂಲವನ್ನು ಹೊರಗಟ್ಟಿ ಬಂದ. ನೀರಿಗೆ ಆರತಿ ಎತ್ತಿದನೆಂದು ಅಲ್ಲಿ ಎಲ್ಲೂ ಇಲ್ಲ.

ಹೀಗಿರುವಾಗ ಅತ್ತೆಯ ಮಾತು ಸುಳ್ಳೇ? ಮೂವತ್ತು ವರ್ಷ ಬಾಟಲಿ ತಿರುಗಿಸಿದವಳಾಗಿ ಹೇಳುತ್ತೇನೆ, ಅದು ಅಕ್ಷರಶಃ ನಿಜ. ಹರಿಯುವ ನೀರು ಕಲ್ಲಿಗೆ ಬಡಿದು, ಸುಳಿದು, ಗಾಳಿ ಕುಡಿಯುತ್ತದೆ. ಆ ಗಾಳಿಯಿಂದ ಕೊಳೆ ತಿನ್ನುವ ಜೀವಾಣುಗಳು ಬದುಕುತ್ತವೆ. ನಾಲ್ಕು ಹರದಾರಿ ಹೋಗುವಷ್ಟರಲ್ಲಿ ನದಿ ತನ್ನ ಮೈ ತಾನೇ ತೊಳೆದುಕೊಳ್ಳುತ್ತದೆ. ನಮ್ಮ ಅಜ್ಜಿಯರು ಪುಸ್ತಕ ಓದಿ ಕಂಡುಕೊಂಡದ್ದಲ್ಲ, ನೋಡಿ ಕಂಡುಕೊಂಡದ್ದು. ನಿಂತ ನೀರನ್ನು ಅವರು ಮಡಿಗೆ ಸೇರಿಸಲಿಲ್ಲ. ಮಾತಿನ ಜೀವ "ಹರಿಯುವ" ಎಂಬ ಒಂದು ಪದದಲ್ಲಿತ್ತು. ಆ ಪದವನ್ನು ನಾವು ವಜೀರಾಬಾದಿನಲ್ಲಿ ಕಟ್ಟೆ ಹಾಕಿ ತಡೆದೆವು, ಉಳಿದ "ಮೈಲಿಗೆ ಇಲ್ಲ" ಎಂಬುದನ್ನು ಮಾತ್ರ ದಂಡೆಗೆ ಹಿಡಿದು ತಂದೆವು. ಮಳೆಗಾಲ ಬಿಟ್ಟರೆ ಬ್ಯಾರೇಜಿನ ಕೆಳಗೆ ಹರಿದು ಬರುವುದು ಬಹುಪಾಲು ನಾಲೆಗಳ ನೀರು. ಶಾಸ್ತ್ರದ ಲೆಕ್ಕದಲ್ಲೂ, ಲ್ಯಾಬಿನ ಲೆಕ್ಕದಲ್ಲೂ, ಅದು ಹರಿಯುವ ನದಿಯಲ್ಲ.

ಹರಿದ ದಿನಗಳನ್ನು ನಾನು ಕಂಡಿದ್ದೇನೆ. ಆಷಾಢ ಶ್ರಾವಣದಲ್ಲಿ ಬ್ಯಾರೇಜಿನ ಬಾಗಿಲುಗಳು ಎದ್ದಾಗ ನಿಜಾಮುದ್ದೀನಿನ ಬಾಟಲಿಯೂ ಕಂದಾಗುತ್ತಿತ್ತು. ಲ್ಯಾಬಿನಲ್ಲಿ ಒಬ್ಬರಿಗೊಬ್ಬರು ಎತ್ತಿ ತೋರಿಸುತ್ತಿದ್ದೆವು. 2023ರ ಜುಲೈ 13ರಂದು ನೀರು 208.66 ಮೀಟರಿಗೆ ಏರಿ 1978ರ 207.49ರ ದಾಖಲೆ ಮುರಿಯಿತು. ಕೆಂಪುಕೋಟೆಯ ಗೋಡೆಯವರೆಗೂ ಬಂದಿತು. ಹೊಸ ಉದ್ಯಾನಗಳೂ ಮುಳುಗಿದವು. ಖಾದರ್ ಎನ್ನುವ ನದಿಬಯಲಿನ ರೈತ ಸಂಸಾರಗಳು ನಮ್ಮ ಮಯೂರ್ ವಿಹಾರದ ರಸ್ತೆಯಂಚಿಗೆ ಎಮ್ಮೆ, ಹಾಸಿಗೆ, ಮಕ್ಕಳನ್ನು ಕಟ್ಟಿಕೊಂಡು ಬಂದು ಡೇರೆ ಹಾಕಿದರು. ಚಪಾತಿ ಮಾಡಿ ಒಯ್ದು ಕೊಡುವಾಗ ಆ ಹೆಂಗಸರ ಮುಖ ನೋಡಿದವಳು ನಾನು. ಪ್ರವಾಹವನ್ನು ದೇವಿಯ ಲೀಲೆ ಎಂದು ಕರೆಯಲು ಬಾಯಿ ಬರುವುದಿಲ್ಲ. ಆದರೂ ಅವತ್ತು ಸಂಜೆ ಟೀವಿಯಲ್ಲಿ ಆ ಕೆಂಪು ನೀರಿನ ರಭಸ ಕಂಡಾಗ ಕಣ್ಣು ತುಂಬಿ ಬಂತು. ಅವಳು ಬದುಕಿದ್ದಳು.

2017ರ ಮಾರ್ಚಿನಲ್ಲಿ ಉತ್ತರಾಖಂಡದ ಹೈಕೋರ್ಟು ಗಂಗೆ ಯಮುನೆಯರನ್ನು ಜೀವಂತ ವ್ಯಕ್ತಿಗಳೆಂದು ಸಾರಿತ್ತು. ಜುಲೈನಲ್ಲಿ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು. ಕಾನೂನಿನ ತೊಡಕು ದೊಡ್ಡದೇ ಇರಬಹುದು. ನಮ್ಮ ಮನೆಗಳಲ್ಲಿ ಮಾತ್ರ ಆ ಪ್ರಶ್ನೆ ಎಂದೋ ಇತ್ಯರ್ಥವಾಗಿದೆ: ಬಸುರಿಗೆ ಮಾಡಿದ ಹಾಗೆ ತುಂಬಿದ ಕಾವೇರಿಗೆ ಚಿತ್ರಾನ್ನ, ಬಳೆ, ಬಾಗಿನ ಒಯ್ಯುವವರು ನಾವು. ಹಾಗೆಂದು ನಮ್ಮ ಕಾವೇರಿಯನ್ನು ಕಾಪಾಡಿಕೊಂಡೆವೆಂದು ಎದೆ ಮುಟ್ಟಿ ಹೇಳಲಾರೆ. ಪಶ್ಚಿಮವಾಹಿನಿಯಲ್ಲಿ ಅಪ್ಪನ ಅಸ್ಥಿ ಬಿಟ್ಟ ದಿನ, ಹಿಂದಿನವರು ಕಳಚಿಹೋದ ಬಟ್ಟೆಗಳು ಕಲ್ಲಿನ ಸಂದಿಯಲ್ಲಿ ಸಿಕ್ಕಿ ನನ್ನ ಕಾಲಿಗೆ ತೊಡರಿದ್ದವು. ಆದರೂ ಅಲ್ಲಿ ಕಾಲು ನೀರಿನಲ್ಲಿತ್ತು. ತಣ್ಣಗಿತ್ತು. ಅಂಗೈಯಿಂದ ಬೂದಿ ಜಾರಿದಾಗ ನೀರು ಎಳೆದುಕೊಂಡದ್ದು ಬೆರಳಿಗೆ ಗೊತ್ತಾಯಿತು.

ಸಂಕ್ರಾಂತಿಯ ಸಂಜೆ ವಾಸುದೇವ ಘಾಟಿಗೆ ಕರೆದುಕೊಂಡು ಹೋದೆ. 2024ರ ಮಾರ್ಚಿನಲ್ಲಿ ತೆರೆದದ್ದು. ಕೆತ್ತಿದ ಕಲ್ಲಿನ ಛತ್ರಿಗಳು, ಅಗಲವಾದ ಮೆಟ್ಟಿಲು. ಆ ಹೆಸರು ಕೇಳಿ ಅತ್ತೆ ಕೈಮುಗಿದರು. ಬುಟ್ಟಿಯಲ್ಲಿ ಮಗುವನ್ನು ಹೊತ್ತ ವಸುದೇವ ನದಿ ದಾಟುವಾಗ ಯಮುನೆ ಉಕ್ಕಿ ಬಂದದ್ದು ಕೃಷ್ಣನ ಕಾಲು ಮುಟ್ಟುವುದಕ್ಕಂತೆ, ಮುಟ್ಟಿದ ಮೇಲೆ ತಗ್ಗಿದಳಂತೆ. ದಾರಿಯುದ್ದಕ್ಕೂ ಅತ್ತೆ ಅದನ್ನೇ ಹೇಳಿಕೊಂಡು ಬಂದರು. "ಅವಳಿಗೇ ಮುಟ್ಟೋ ಆಸೆ ಇತ್ತು ನೋಡು."

ಆರತಿ ಚೆನ್ನಾಗಿಯೇ ಆಯಿತು. ಗಂಟೆ, ಶಂಖ, ಹೊಗೆಯಾಡುವ ದೊಡ್ಡ ದೀಪಗಳು. ಜನ ಕರಗಿದ ಮೇಲೆ ಅತ್ತೆ ಒಂದೊಂದೇ ಮೆಟ್ಟಿಲು ಇಳಿಯತೊಡಗಿದರು. ನಾನು ತೋಳು ಹಿಡಿದಿದ್ದೆ. ತಲೆಗೆ ಪ್ರೋಕ್ಷಿಸಿಕೊಳ್ಳಲು ಬಗ್ಗಿದರೆ ತಡೆಯಬೇಕೋ ಬೇಡವೋ ಎಂದು ಎದೆ ಹೊಡೆದುಕೊಳ್ಳುತ್ತಿತ್ತು. ಮಡಿಯುಟ್ಟಾಗ ಮೊಮ್ಮಕ್ಕಳನ್ನೂ ಹತ್ತಿರ ಬಿಟ್ಟುಕೊಳ್ಳದ ಹೆಂಗಸು ಅವರು. ಎಲ್ಲ ಮೈಲಿಗೆಯನ್ನೂ ಕಳೆಯುವವಳೆಂದು ನಂಬಿದ ನೀರಿನಿಂದಲೇ ಅವರ ಕೈ ಹಿಂದಕ್ಕೆ ಎಳೆಯಬೇಕಾಗಿ ಬಂದಿತಲ್ಲ ಎಂದು ನನಗೆ ಅಳುವೇ ಬಂದಿತು.

ಅವರು ಬಗ್ಗಿದರು. ಮೆಟ್ಟಿಲ ಮೇಲೆ ಬಿದ್ದಿದ್ದ ಒಂದು ಚೆಂಡುಹೂವಿನ ಎಸಳು ಎತ್ತಿಕೊಂಡು, ಬೆರಳು ತಾಗಿಸದೆ, ನೀರಿನ ಮೇಲೆ ಬಿಟ್ಟರು. ಸೆರಗು ಹೊದ್ದು ಅಲ್ಲೇ ಕುಳಿತರು. ಎಸಳು ಬಿದ್ದಲ್ಲೇ ನಿಂತಿತು. ಛತ್ರಿಯ ದೀಪ ಅದರ ಪಕ್ಕ ಅಲುಗಾಡದೆ ಹೊಳೆಯುತ್ತಿತ್ತು. ನಾವಿಬ್ಬರೂ ಎಷ್ಟು ಹೊತ್ತು ನೋಡಿದೆವೋ. ನಾನು ಮೂವತ್ತು ವರ್ಷ ಬಾಟಲಿಯಲ್ಲಿ ಮಾಡಿದ ಪರೀಕ್ಷೆಯನ್ನು ಅವರು ಒಂದು ಎಸಳಿನಲ್ಲಿ ಮಾಡುತ್ತಿದ್ದಾರೆಂದು ನನಗೆ ತಡವಾಗಿ ಹೊಳೆಯಿತು.

"ಹರೀತಿಲ್ಲ ಕಣೇ" ಎಂದರು. ಎದ್ದು ನಿಲ್ಲಲು ನನ್ನ ಕೈ ಬೇಡಿದರು.

ಮಾರನೆಯ ಬೆಳಿಗ್ಗೆ ಅವರು ಸ್ನಾನಕ್ಕೆ ಹೋದಾಗ ನಾನು ಅಡುಗೆಮನೆಯಲ್ಲಿದ್ದೆ. ಪೂರ್ವ ದೆಹಲಿಯ ನಮ್ಮ ನಲ್ಲಿಗೆ ಬರುವುದು ಗಂಗೆಯ ನೀರು, ಮುರಾದ್‌ನಗರದ ಕಾಲುವೆಯಿಂದ ಪೈಪಿನಲ್ಲಿ. ಹಿಂದಿನ ರಾತ್ರಿ ಇದನ್ನು ಹೇಳಿದಾಗ ಅವರು ನಲ್ಲಿಗೇ ಕೈಮುಗಿದಿದ್ದರು. ಬಾಗಿಲಾಚೆ ಶ್ಲೋಕ ಶುರುವಾಯಿತು. ಮೊದಲ ಹೆಸರು ಬಂತು, ತಂಬಿಗೆಯ ನೀರು ಸುರಿದ ಸದ್ದು ಬಂತು. ಎರಡನೆಯ ಹೆಸರಿಗೆ ದನಿ ನಿಂತಿತು, ನೀರೂ ನಿಂತಿತು.

"ಏನೇ, ಈ ಬಚ್ಚಲ ನೀರು ಎಲ್ಲಿಗೆ ಹೋಗುತ್ತೆ?"

ಒಲೆ ಸಣ್ಣ ಮಾಡಿ ಬಾಗಿಲ ಹತ್ತಿರ ಹೋಗಿ ನಿಂತೆ. "ಕೊಂಡ್ಲಿ ಅಂತ ಇದೆ ಅತ್ತೆ, ಅಲ್ಲಿ ಶುದ್ಧ ಮಾಡೋ ಸ್ಥಾವರಕ್ಕೆ. ಅಲ್ಲಿಂದ ಶಹದರಾ ನಾಲೆಗೆ."

"ಅಲ್ಲಿಂದ?"

"ಯಮುನೆಗೆ ಅತ್ತೆ."

ಒಳಗೆ ತುಂಬ ಹೊತ್ತು ಸದ್ದಿರಲಿಲ್ಲ. ಆಮೇಲೆ ನಲ್ಲಿ ತಿರುಗಿಸಿ ನಿಲ್ಲಿಸಿದ ಸದ್ದು ಕೇಳಿಸಿತು. ಉಳಿದ ಆರು ಹೆಸರುಗಳನ್ನು ಅವರು ಬಕೆಟ್ಟಿನಲ್ಲಿ ಇದ್ದಷ್ಟೇ ನೀರಿಗೆ ಕರೆದು ಮುಗಿಸಿದರು.